ಬೀಸುಕಲ್ಲಿನ ಸುತ್ತ ಒಂದು ಮಾರುಕಟ್ಟೆ

ಸೋಲ್ ನಗರದ ಗ್ವಾಂಗ್‌ಜಾಂಗ್ ಮಾರುಕಟ್ಟೆಯ ನಟ್ಟನಡುವೆ, ಎರಡು ದೊಡ್ಡ ಹಾದಿಗಳು ಕೂಡುವ ಕಡೆ, ಬೀಸುಕಲ್ಲುಗಳು ಬೆಳಗಿನಿಂದ ರಾತ್ರಿವರೆಗೆ ತಿರುಗುತ್ತಲೇ ಇರುತ್ತವೆ. ಹಿಡಿದು ತಿರುಗಿಸುವ ಗೂಟ ಈಗಿಲ್ಲ, ಕಲ್ಲಿನ ಕೆಳಗೆ ಮೋಟಾರು ಕೂತಿದೆ. ಅಂಗಡಿಯ ಹೆಂಗಸು ನೆನೆದ ಹೆಸರುಬೇಳೆಯನ್ನು ನೀರಿನ ಸಮೇತ ಸೌಟಿನಲ್ಲಿ ಎತ್ತಿ ಮೇಲಿನ ಕಲ್ಲಿನ ಬಾಯಿಗೆ ಸುರಿಯುತ್ತಾಳೆ. ಎರಡು ಕಲ್ಲುಗಳ ಸಂದಿನಿಂದ ನಸುಹಳದಿ ಹಿಟ್ಟು ಸುತ್ತಲೂ ಒಸರಿ, ಅಂಚಿನಲ್ಲಿ ದಪ್ಪಗೆ ಇಳಿದು, ಕೆಳಗಿನ ಬೋಗುಣಿಗೆ ಬೀಳುತ್ತದೆ. ನಮ್ಮ ಕಡೆಯವರು ನೋಡಿದರೆ ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಕಲ್ಲು ನಮ್ಮ ಅಜ್ಜಿಯರ ಬೀಸುಕಲ್ಲೇ, ಮಾಡುತ್ತಿರುವುದು ಮಾತ್ರ ಒರಳಿನ ಕೆಲಸ. ನಮ್ಮಲ್ಲಿ ಒಣಗಿದ ಕಾಳು ಬೀಸುಕಲ್ಲಿಗೆ, ನೆನೆದದ್ದು ಒರಳಿಗೆ ಎಂದು ಪಾಲಾಗಿದೆ. ಕೊರಿಯದವರ ‘ಮೆತ್ತೊಲ್’ ಎರಡನ್ನೂ ತಾನೊಂದೇ ನಿಭಾಯಿಸುತ್ತದೆ.

ಆ ಹಿಟ್ಟಿನಿಂದ ಆಗುವ ತಿಂಡಿ ಬಿಂದೆತ್ತೊಕ್. ಹೆಸರುಬೇಳೆಯ ದಪ್ಪ ರೊಟ್ಟಿ ಅನ್ನಿ, ಎಣ್ಣೆಯಲ್ಲಿ ಕಾಯಿಸಿದ ಅಡೆ ಅನ್ನಿ. ಗ್ವಾಂಗ್‌ಜಾಂಗ್ ಎಂದರೆ ಸೋಲ್‌ನವರ ನಾಲಿಗೆಗೆ ಮೊದಲು ಬರುವುದು ಇದೇ. ಟಿವಿ ಧಾರಾವಾಹಿ ನೋಡಿ, ಯೂಟ್ಯೂಬ್ ನೋಡಿ ಕೊರಿಯಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರು ಈ ಮಾರುಕಟ್ಟೆಯನ್ನು ‘ತಿನ್ನುವ ಜಾಗ’ ಎಂದು ಪಟ್ಟಿ ಮಾಡಿಕೊಂಡು ಹೋಗುತ್ತಾರೆ. ತಿನ್ನಲಿ, ಅಡ್ಡಿಯಿಲ್ಲ. ಆದರೆ ಅಲ್ಲಿ ಮೊದಲು ನೋಡಬೇಕಾದದ್ದು ಕೈಗಳನ್ನು. ಒಂದು ಅಂಗಡಿ, ಒಂದೋ ಎರಡೋ ತಿಂಡಿ, ಅದನ್ನೇ ಇಡೀ ಆಯುಷ್ಯ ಮಾಡುವುದು, ಅದೂ ಗಿರಾಕಿಯ ಕಣ್ಣೆದುರಿಗೇ. ಹಳೆಯ ಮಾರುಕಟ್ಟೆಯ ಕಸುಬು ಉಳಿದದ್ದು ಈ ಪದ್ಧತಿಯಿಂದ. ಹಿಂಬದಿಯ ಅಡುಗೆಮನೆ ಎಂಬುದೇ ಇಲ್ಲದ ಕಡೆ ಮುಚ್ಚಿಡುವುದಕ್ಕೂ ಏನೂ ಇರುವುದಿಲ್ಲ.

ಮಾರುಕಟ್ಟೆ ಹುಟ್ಟಿದ್ದು 1905ರಲ್ಲಿ. ಕೊರಿಯದ ಮೇಲೆ ಜಪಾನಿನ ಹಿಡಿತ ದಿನದಿನಕ್ಕೂ ಬಿಗಿಯಾಗುತ್ತಿದ್ದ ವರ್ಷ ಅದು. ಆ ನವೆಂಬರಿನಲ್ಲಿ ಬಲವಂತದ ಒಪ್ಪಂದವೊಂದು ದೇಶದ ವಿದೇಶಾಂಗ ವ್ಯವಹಾರವನ್ನೇ ಕಿತ್ತುಕೊಂಡಿತು. ಹಳೆಯ ನಾಮ್‌ದೇಮುನ್ ಮಾರುಕಟ್ಟೆಯಲ್ಲಿ ಜಪಾನಿ ವ್ಯಾಪಾರಿಗಳ ಕೈ ಮೇಲಾಗುವುದನ್ನು ಕಂಡ ಕೊರಿಯದ ವರ್ತಕರು ತಾವೇ ಬಂಡವಾಳ ಕೂಡಿಸಿ ಕಂಪನಿ ಕಟ್ಟಿ, ತಮ್ಮದೇ ಮಾರುಕಟ್ಟೆ ಎಬ್ಬಿಸಿದರು. ಅವರ ಮೊದಲ ಯೋಚನೆ ಸಾಹಸದ್ದು: ಊರ ನಡುವೆ ಹರಿಯುವ ಚೊಂಗ್ಯೆಚೊನ್ ತೊರೆಯ ಎರಡು ಸೇತುವೆಗಳ ನಡುವಿನ ಭಾಗಕ್ಕೆ ಮುಚ್ಚಿಗೆ ಹಾಸಿ ಅದರ ಮೇಲೆ ಅಂಗಡಿ ಸಾಲು ನಿಲ್ಲಿಸುವುದು. ಅದು ಕೈಗೂಡಲಿಲ್ಲ. ಕೊನೆಗೆ ತೊರೆಯ ಪಕ್ಕದಲ್ಲೇ, ಮೊದಲಿಂದ ಸಂತೆ ಸೇರುತ್ತಿದ್ದ ಜಾಗಕ್ಕೆ ಬಂದರು. ಅಷ್ಟುಹೊತ್ತಿಗೆ ಕೊರಿಯದ ಬಹುತೇಕ ವ್ಯಾಪಾರ ನಡೆಯುತ್ತಿದ್ದದ್ದು ಐದು ದಿನಕ್ಕೊಮ್ಮೆ ಸೇರುವ ಸಂತೆಗಳಲ್ಲಿ. ದಿನವೂ ಬಾಗಿಲು ತೆರೆಯುವ ಕಾಯಂ ಮಾರುಕಟ್ಟೆ ಹೊಸ ಸಂಗತಿ, ಗ್ವಾಂಗ್‌ಜಾಂಗ್ ಅದರಲ್ಲಿ ಮೊದಲನೆಯದು ಎಂದೇ ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಮುಂದೆ 1950ರಿಂದ 53ರವರೆಗಿನ ಕೊರಿಯ ಯುದ್ಧದಲ್ಲಿ ಅದು ನೆಲಕಚ್ಚಿತು. ಮತ್ತೆ ಕಟ್ಟಿದರು.

ಆ ಯುದ್ಧಕ್ಕೂ ಹೆಸರುಬೇಳೆಗೂ ನಂಟಿದೆ. ಬಿಂದೆತ್ತೊಕ್ ಹೆಚ್ಚಾಗಿ ಉತ್ತರದ ಪ್ಯೊಂಗಾನ್ ಪ್ರಾಂತದ ಅಡುಗೆ, ಈಗದು ಉತ್ತರ ಕೊರಿಯಕ್ಕೆ ಸೇರಿದ ಸೀಮೆ. ಯುದ್ಧದಲ್ಲಿ ಮನೆಮಠ ಬಿಟ್ಟು ದಕ್ಷಿಣಕ್ಕೆ ಓಡಿಬಂದ ಲಕ್ಷಾಂತರ ಜನರ ಹಿಂದೆ ಗಡಿ ಮುಚ್ಚಿಕೊಂಡಿತು, ಹಿಂದಿರುಗುವ ದಾರಿ ಇಲ್ಲವಾಯಿತು. ಕೈಯಲ್ಲಿ ಕಾಸಿಲ್ಲ, ನೆಲವಿಲ್ಲ, ಇದ್ದದ್ದು ಮನೆಯಲ್ಲಿ ಕಲಿತ ಅಡುಗೆ ಮಾತ್ರ. ಸೋಲ್‌ನ ಮಾರುಕಟ್ಟೆಗಳಲ್ಲಿ ಒಂದು ಒಲೆ, ಒಂದು ಕಾವಲಿ ಇಟ್ಟು ಕೂತವರಲ್ಲಿ ಇಂಥವರು ಬಹಳ. ಅಗ್ಗದ ಕಾಳು, ಹೊಟ್ಟೆ ತುಂಬುವ ಜಿಡ್ಡು, ಕೂಲಿಯವನ ಕೈಗೆಟಕುವ ಬೆಲೆ ಸೇರಿ ಬಿಂದೆತ್ತೊಕ್ ಬಡವರ ಊಟವಾಗಿ ಊರಲ್ಲಿ ನೆಲೆ ನಿಂತಿತು.

ಕಾಳಿನ ಕತೆ ಇನ್ನೂ ಹಿಂದಕ್ಕೆ ಹೋಗುತ್ತದೆ, ಹೋಗಿ ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತದೆ. ಹೆಸರು ಮೊದಲು ಬೇಸಾಯದ ಬೆಳೆಯಾದದ್ದು ಭಾರತದಲ್ಲಿ. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಇದ್ದ ನೆಲೆಯನ್ನು ಅಗೆದಾಗ ಸುಟ್ಟು ಕರಿಕಾದ ಕಾಳುಗಳು ಸಿಕ್ಕವು. ಅವುಗಳಲ್ಲಿ ಹುರುಳಿಯ ಜತೆಗೆ ಹೆಸರೂ ಇದೆ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಮಾತು ಅದು. ಅಲ್ಲಿಂದ ಪೂರ್ವಕ್ಕೆ ಯಾವ್ಯಾವುದೋ ದಾರಿ ಹಿಡಿದು ಚೀನಾ ದಾಟಿ ಕೊರಿಯಕ್ಕೆ ಹೋದ ಕಾಳಿಗೆ ಅಲ್ಲಿಯವರು ನೊಕ್ತು ಎಂದರು. ಅದರಿಂದ ರೊಟ್ಟಿ ಮಾಡಿದರು, ಅದರ ಪಿಷ್ಟವನ್ನು ಕಾಯಿಸಿ ಹಲ್ವದಂತೆ ಅಲುಗುವ ತಣ್ಣನೆಯ ‘ಮುಕ್’ ಮಾಡಿದರು, ಮೊಳಕೆ ಬರಿಸಿ ಪಲ್ಯ ಮಾಡಿದರು. ಗ್ವಾಂಗ್‌ಜಾಂಗ್‌ನ ಬೆಂಚಿನಲ್ಲಿ ಕೂತ ಕನ್ನಡಿಗನಿಗೆ ಬಿಂದೆತ್ತೊಕ್ ಪರಕೀಯ ಅನ್ನಿಸದಿರುವುದಕ್ಕೆ ಇದೂ ಒಂದು ಕಾರಣ ಇರಬೇಕು ಎಂದು ನನಗೆ ಅನುಮಾನ.

ಈಗ ಕಾವಲಿಯ ಹತ್ತಿರ ಬರೋಣ.

ಸಿಪ್ಪೆ ಇರುವ ಒಡೆದ ಕಾಳನ್ನು ಗಂಟೆಗಟ್ಟಲೆ ನೆನೆಸಿ, ಎರಡೂ ಅಂಗೈ ನಡುವೆ ತಿಕ್ಕಿ, ಹಸಿರು ಸಿಪ್ಪೆ ತೇಲಿಬಂದಂತೆ ಬಸಿದು ತೆಗೆಯುವುದು ಮೊದಲ ಹೆಜ್ಜೆ. ಸಿಪ್ಪೆ ತೆಗೆದ ಬೇಳೆಯೇ ಈಗ ಮೂಟೆಗಳಲ್ಲಿ ಸಿಗುತ್ತದೆ, ಹಾಗಾಗಿ ದೊಡ್ಡ ಅಂಗಡಿಗಳಿಗೆ ಈ ತಾಪತ್ರಯ ಕಡಿಮೆ. ಬೇಳೆಯ ಜತೆ ಒಂದಿಷ್ಟು ಅಕ್ಕಿ ನೆನೆಸುವವರೂ ಇದ್ದಾರೆ, ಗರಿಗರಿ ಹೆಚ್ಚಲಿ ಎಂದು. ರುಬ್ಬುವಾಗ ನುಣ್ಣಗಾಗಬಾರದು. ಇದೇ ಮರ್ಮ. ದೋಸೆಯ ಉದ್ದನ್ನು ನಾವು ಬೆಣ್ಣೆಯಂತೆ ನೊರೆಬರಿಸಿ ರುಬ್ಬುತ್ತೇವೆ, ರಾತ್ರಿಯೆಲ್ಲ ಹುದುಗಲು ಬಿಡುತ್ತೇವೆ. ಇಲ್ಲಿ ಹುದುಗೂ ಇಲ್ಲ, ನೊರೆಯೂ ಇಲ್ಲ. ಬೆರಳ ನಡುವೆ ಉಜ್ಜಿದರೆ ಸಣ್ಣ ರವೆಯಂತೆ ತರಿ ಸಿಗಬೇಕು. ಕಬ್ಬಿಣದ ಅಲಗು ಗಿರ್ರನೆ ತಿರುಗುವ ಮಿಕ್ಸಿ ಕಾಳನ್ನು ಕತ್ತರಿಸಿ ಕತ್ತರಿಸಿ ಒಂದೇ ಸಮ ಪೇಸ್ಟು ಮಾಡುತ್ತದೆ, ಬಿಸಿಯನ್ನೂ ಏರಿಸುತ್ತದೆ. ಕಲ್ಲು ಕತ್ತರಿಸುವುದಿಲ್ಲ, ಅರೆಯುತ್ತದೆ. ಒಂದಿಷ್ಟು ಪುಡಿಯಾಗುತ್ತದೆ, ಒಂದಿಷ್ಟು ಒಡಕಲಾಗಿ ಉಳಿಯುತ್ತದೆ. ಪುಡಿಯಾದ ಭಾಗ ಹಿಟ್ಟನ್ನು ಹಿಡಿದಿಡುತ್ತದೆ, ಒಡಕಲು ಭಾಗ ಎಣ್ಣೆಯಲ್ಲಿ ಹುರಿದು ಹಲ್ಲಿಗೆ ಸಿಗುತ್ತದೆ. ಮೋಟಾರು ಬಂದಮೇಲೂ ಕಲ್ಲನ್ನು ಬಿಡದೇ ಇರುವುದಕ್ಕೆ ಕಾರಣ ಇದು. ಪ್ರವಾಸಿಗರ ಕ್ಯಾಮೆರಾಕ್ಕಾಗಿ ಇಟ್ಟದ್ದು ಎಂದು ಮೂಗುಮುರಿಯುವವರಿಗೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರೆ ಉತ್ತರ ಸಿಗುತ್ತದೆ. (ಕ್ಯಾಮೆರಾಕ್ಕೂ ಚೆನ್ನಾಗಿ ಕಾಣುತ್ತದೆ ಎನ್ನುವುದು ಅಂಗಡಿಯವರಿಗೆ ಗೊತ್ತಿಲ್ಲ ಎಂದೇನೂ ಅಲ್ಲ.)

ರುಬ್ಬಿದ ಹಿಟ್ಟನ್ನು ಹೆಚ್ಚು ಹೊತ್ತು ಇಡುವಂತಿಲ್ಲ. ನಿಂತರೆ ಬೇಳೆ ತಳಕ್ಕೆ ಕೂರುತ್ತದೆ, ನೀರು ಮೇಲಕ್ಕೆ ಬರುತ್ತದೆ, ಬೇಸಿಗೆಯಾದರೆ ಹುಳಿಯೂ ತಟ್ಟುತ್ತದೆ. ಆದ್ದರಿಂದ ಕಲ್ಲು ದಿನವಿಡೀ ಸ್ವಲ್ಪಸ್ವಲ್ಪವೇ ಅರೆಯುತ್ತಿರಬೇಕು, ಖರ್ಚಾಗುವ ವೇಗಕ್ಕೆ ಸರಿಯಾಗಿ. ಹಿಟ್ಟಿಗೆ ಸೇರುವುದು ಹೆಸರಿನದೇ ಉದ್ದನೆಯ ಬಿಳಿ ಮೊಳಕೆ, ಹೆಚ್ಚಿದ ಹುಳಿ ಬಂದ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ, ಈರುಳ್ಳಿ ಹೂ, ಕೆಲವು ಕಡೆ ಕೊಚ್ಚಿದ ಹಂದಿಮಾಂಸ, ಇನ್ನು ಕೆಲವು ಕಡೆ ಬೇಯಿಸಿದ ಜರಿಗಿಡದ ಎಳೆ ಕುಡಿ. ಮೊಳಕೆಯಲ್ಲೂ ಕಿಮ್ಚಿಯಲ್ಲೂ ನೀರು ಬಹಳ. ಉಪ್ಪು ಬಿದ್ದ ಕ್ಷಣದಿಂದ ಅದು ಹೊರಗೆ ಬರಲು ಶುರುವಾಗುತ್ತದೆ. ದೊಡ್ಡ ಬೋಗುಣಿಯ ಹಿಟ್ಟಿಗೆಲ್ಲ ಒಟ್ಟಿಗೇ ಕಲಸಿಟ್ಟರೆ ಅರ್ಧಗಂಟೆಯಲ್ಲಿ ಅಂಬಲಿಯಾಗಿರುತ್ತದೆ. ಕೈಪಳಗಿದವರು ಹಿಟ್ಟನ್ನು ಬೇರೆ ಇಟ್ಟಿರುತ್ತಾರೆ, ತರಕಾರಿ ಬೇರೆ. ನಾಲ್ಕೈದು ರೊಟ್ಟಿಗೆ ಆಗುವಷ್ಟನ್ನು ಮಾತ್ರ ಚಿಕ್ಕ ಬಟ್ಟಲಿನಲ್ಲಿ ಕೂಡಿಸಿ ಕೂಡಲೇ ಕಾವಲಿಗೆ ಇಳಿಸುತ್ತಾರೆ.

ಕಾವಲಿ ನಮ್ಮ ಹೋಟೆಲಿನ ದೋಸೆ ಕಾವಲಿಯಷ್ಟೇ ವಿಶಾಲ, ಅಂಚು ಮಾತ್ರ ಎತ್ತರ. ಅದರಲ್ಲಿ ಎಣ್ಣೆ ಸವರಿರುವುದಿಲ್ಲ, ನಿಂತಿರುತ್ತದೆ. ಒಂದು ಸೌಟು ಹಿಟ್ಟು ಸುರಿದು, ಸೌಟಿನ ಬೆನ್ನಿನಲ್ಲಿ ತುಸು ತಟ್ಟಿ, ಸಣ್ಣ ತಟ್ಟೆಯಷ್ಟು ಅಗಲಕ್ಕೆ ಬಿಡುತ್ತಾರೆ. ದಪ್ಪ ಒಂದು ಬೆರಳಿನಷ್ಟು. ಆಮೇಲೆ ಮುಟ್ಟುವುದಿಲ್ಲ. ಹೊಸಬರು ಸೋಲುವುದು ಇಲ್ಲೇ. ಗೋಧಿಹಿಟ್ಟಿಗೆ ಇರುವ ಅಂಟು ಹೆಸರುಬೇಳೆಗೆ ಇಲ್ಲ. ಕೆಳಗಿನ ಪದರ ಕಾದು ಗಟ್ಟಿಯಾಗುವವರೆಗೂ ರೊಟ್ಟಿ ಎಂಬುದೇ ಇರುವುದಿಲ್ಲ, ಒಂದು ಕಡೆ ಸೇರಿದ ತರಿಯ ರಾಶಿ ಅಷ್ಟೆ. ಅವಸರಪಟ್ಟು ಮಗುಚಲು ಹೋದರೆ ಚೂರುಚೂರು. ಕಾವಲಿಯ ಮುಂದೆ ನಿಂತ ಹೆಂಗಸು ಕಾಯುವುದು ಅಂಚಿನ ಗುರುತಿಗಾಗಿ. ಮೊದಲು ಅಂಚಿನ ಗುಳ್ಳೆಗಳು ದೊಡ್ಡದಾಗಿ ಸದ್ದುಮಾಡುತ್ತವೆ, ಹಿಟ್ಟಿನ ನೀರು ಆವಿಯಾಗುವ ಸದ್ದು ಅದು. ನೀರು ಕಡಿಮೆಯಾದಂತೆ ಗುಳ್ಳೆ ಸಣ್ಣದಾಗುತ್ತದೆ, ಸದ್ದು ತೆಳುವಾಗುತ್ತದೆ, ಅಂಚು ಕಂದಾಗಿ ಕಸೂತಿಯಂತೆ ತೂತುತೂತಾಗುತ್ತದೆ. ಆಗ ಅಗಲದ ಮಗುಚುವ ಕೈಯ ತುದಿಯಿಂದ ಒಂದು ಸಲ ನೂಕಿ ನೋಡುತ್ತಾಳೆ. ರೊಟ್ಟಿ ತಾನೇ ಜಾರಿದರೆ ಸರಿ, ಜಾರದಿದ್ದರೆ ಬಿಟ್ಟು ಪಕ್ಕದ್ದಕ್ಕೆ ಹೋಗುತ್ತಾಳೆ. ಮಗುಚಿದ ಮೇಲೆ ಒಮ್ಮೆ ಒತ್ತುತ್ತಾಳೆ, ಎಣ್ಣೆ ನಡುವಿಗೂ ಹೋಗಲಿ ಎಂದು. ಒಂದೇ ಕಾವಲಿಯ ಮೇಲೆ ಹತ್ತಾರು ರೊಟ್ಟಿಗಳು ಹತ್ತಾರು ಹಂತದಲ್ಲಿರುತ್ತವೆ. ಅವಳು ಹಣ ಎಣಿಸುತ್ತಿರುತ್ತಾಳೆ, ಗಿರಾಕಿಯನ್ನು ಕೂಗಿ ಕರೆಯುತ್ತಿರುತ್ತಾಳೆ, ಪಕ್ಕದ ಅಂಗಡಿಯವಳ ಜತೆ ಹರಟುತ್ತಿರುತ್ತಾಳೆ. ಯಾವುದು ಯಾವಾಗ ತಿರುಗಬೇಕು ಎನ್ನುವ ಲೆಕ್ಕ ಕಿವಿಯಲ್ಲೇ ನಡೆಯುತ್ತಿರುತ್ತದೆ.

ಬೆಂದದ್ದನ್ನು ಕಾವಲಿಯ ತಣ್ಣನೆಯ ಮೂಲೆಯಲ್ಲಿ ಗೋಪುರದಂತೆ ಪೇರಿಸಿಡುತ್ತಾರೆ. ಜನ ಬಂದಾಗ ಅದನ್ನೇ ಮತ್ತೊಮ್ಮೆ ಎಣ್ಣೆಗೆ ಎಳೆದು ಬಿಸಿಮಾಡಿ ಕೊಡುವುದುಂಟು. ತಪ್ಪೇನಿಲ್ಲ, ಎರಡನೆಯ ಸಲ ಕಾದದ್ದು ಇನ್ನೂ ಗರಿಗರಿಯಾಗಿರುತ್ತದೆ ಎನ್ನುವವರೂ ಇದ್ದಾರೆ. ನನ್ನ ಮತ ಕೇಳಿದರೆ, ಹಿಟ್ಟಿನಿಂದ ನೇರ ತಟ್ಟೆಗೆ ಬಂದದ್ದಕ್ಕೆ ಸಾಟಿಯಿಲ್ಲ. ಹೊರಗೆ ಚಕ್ಕುಲಿಯ ಸದ್ದು, ಒಳಗೆ ಬೇಳೆಯ ಮೆತ್ತನೆ, ನಡುನಡುವೆ ಮೊಳಕೆಯ ನೀರು. ಜತೆಗೆ ಕೊಡುವುದು ಸೋಯಾ ಸಾಸು ಮತ್ತು ವಿನೆಗರಿನಲ್ಲಿ ಅದ್ದಿದ ಹಸಿ ಈರುಳ್ಳಿ ಚೂರು. ಅದನ್ನು ಅಲಂಕಾರ ಎಂದುಕೊಂಡು ಪಕ್ಕಕ್ಕೆ ಸರಿಸಬೇಡಿ. ಇಷ್ಟು ಜಿಡ್ಡನ್ನು ಕತ್ತರಿಸಲು ಅಷ್ಟು ಹುಳಿ ಬೇಕೇ ಬೇಕು.

ಇದರ ಜೋಡಿ ಮಕ್ಕೊಲ್ಲಿ. ಅಕ್ಕಿಯನ್ನು ಬೇಯಿಸಿ, ‘ನುರುಕ್’ ಎಂಬ ಗೋಧಿಯ ಹುದುಗುಬಿಲ್ಲೆ ಸೇರಿಸಿ ಹುಳಿಬರಿಸಿದ ಬೆಳ್ಳಗಿನ ಕಳ್ಳು, ಮದ್ಯಾಂಶ ಸಾಮಾನ್ಯವಾಗಿ ನೂರಕ್ಕೆ ಆರರಷ್ಟು. ತಗ್ಗುದಿಣ್ಣೆಯಾದ ಅಲ್ಯುಮಿನಿಯಂ ಕೆಟಲಿನಿಂದ ಅಂಥದೇ ಬಟ್ಟಲಿಗೆ ಸುರಿಯುತ್ತಾರೆ. ಅಕ್ಕಿಗೆ ಬರ ಬಂದಿದ್ದ ಕಾಲದಲ್ಲಿ, 1965ರಿಂದ ಸುಮಾರು ಹನ್ನೆರಡು ವರ್ಷ, ಅಕ್ಕಿಯಿಂದ ಅದನ್ನು ಮಾಡುವುದನ್ನೇ ಸರ್ಕಾರ ನಿಷೇಧಿಸಿತ್ತು. ಆಗ ಗೋಧಿಹಿಟ್ಟಿನ ಮಕ್ಕೊಲ್ಲಿ ಕುಡಿದ ಹಿರಿಯರು ಇಂದಿಗೂ ಅದರ ರುಚಿಯನ್ನು ಬೈದುಕೊಂಡೇ ನೆನೆಯುತ್ತಾರೆ. ಮಳೆ ಬಂದರೆ ಈ ಜೋಡಿಗೆ ಗಿರಾಕಿ ಹೆಚ್ಚು. ಕಾವಲಿಯ ಸದ್ದು ಮಳೆಯ ಸದ್ದಿನಂತಿರುವುದರಿಂದ ಬಾಯಲ್ಲಿ ನೀರೂರುತ್ತದೆ ಎಂದು ಕೊರಿಯದವರು ಹೇಳುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಹಪ್ಪಳ ಸಂಡಿಗೆಗೆ ಕಾಯುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಉಳಿದ ತಿಂಡಿಗಳ ಬಗ್ಗೆ ಸ್ವಲ್ಪ. ಕಿರುಬೆರಳುದ್ದದ ಕಿಂಬಾಪ್ ಇಲ್ಲಿನ ಇನ್ನೊಂದು ಹೆಸರುವಾಸಿ. ಎಳ್ಳೆಣ್ಣೆ ಉಪ್ಪು ಹಚ್ಚಿದ ಅನ್ನ, ಒಂದೊಂದೇ ಎಳೆ ಗಜ್ಜರಿ, ಹಳದಿ ಮೂಲಂಗಿ ಉಪ್ಪಿನಕಾಯಿ, ಪಾಲಕ್, ಸುತ್ತ ಕಡಲಪಾಚಿಯ ಹಾಳೆ, ಮೇಲೆ ಮತ್ತೆ ಎಳ್ಳೆಣ್ಣೆ ಮತ್ತು ಎಳ್ಳು. ಸಾಸಿವೆ ಖಾರದಲ್ಲಿ ಅದ್ದಿ ತಿನ್ನುವುದು. ಸುತ್ತುವ ಹೆಂಗಸಿನ ಕೈ ಕಣ್ಣಿಗೆ ಸಿಗುವುದಿಲ್ಲ, ಅಷ್ಟು ವೇಗ. ಕಲ್ಗುಕ್ಸು ಅಂಗಡಿಗಳಲ್ಲಿ ಉದ್ದನೆಯ ಲಟ್ಟಣಿಗೆಗೆ ಹಿಟ್ಟಿನ ಹಾಳೆಯನ್ನು ಸುತ್ತಿ ಸುತ್ತಿ ತೆಳ್ಳಗೆ ಮಾಡಿ, ಮಡಚಿ, ಚಾಕುವಿನಿಂದ ಶಾವಿಗೆಯಂತೆ ಕತ್ತರಿಸಿ, ಒಣಮೀನಿನ ಸಾರಿಗೆ ನೇರ ಬಿಡುತ್ತಾರೆ. 2019ರಲ್ಲಿ ನೆಟ್‌ಫ್ಲಿಕ್ಸ್‌ನ ಬೀದಿ ತಿಂಡಿಗಳ ಸರಣಿಯ ಒಂದು ಕಂತು ಇಲ್ಲಿನ ಕಲ್ಗುಕ್ಸು ಅಂಗಡಿಯೊಂದರ ಒಡತಿಯ ಬದುಕನ್ನು ತೋರಿಸಿದ ಮೇಲೆ ಆ ಬೆಂಚಿಗೆ ಸರದಿ ನಿಲ್ಲುವುದು ಮಾಮೂಲಾಯಿತು. ಬೆಂಚು ಎಂದೆನಲ್ಲ, ಚಳಿಗಾಲದಲ್ಲಿ ಹಲವು ಅಂಗಡಿಗಳ ಬೆಂಚುಗಳಿಗೆ ವಿದ್ಯುತ್ತಿನ ಕಾವು ಇರುತ್ತದೆ. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ, ಕೆಳಗೆ ಬೆಚ್ಚನೆಯ ಪೀಠ, ಮುಂದೆ ಹಬೆಯಾಡುವ ಬಟ್ಟಲು: ಎದ್ದುಹೋಗಲು ಮನಸ್ಸಾಗದಂತೆ ಮಾಡುವ ಉಪಾಯ ಎಂದು ಬೇಕಾದರೂ ಹೇಳಬಹುದು. ಹಸಿ ಗೋಮಾಂಸದ ‘ಯುಖ್ವೆ’ಯ ಓಣಿಯೇ ಬೇರೆ ಇದೆ. ಅಲ್ಲಿಗೆ ಹೋಗುವವರು ಕೇಳಿಕೊಂಡೇ ಹೋಗುತ್ತಾರೆ, ನಾನು ದಾರಿ ಹೇಳಬೇಕಿಲ್ಲ.

ಮಾಂಸ ತಿನ್ನದವರಿಗೆ ಒಂದು ಮಾತು. ಕೊರಿಯದ ಮಾರುಕಟ್ಟೆಯಲ್ಲಿ ಸಸ್ಯಾಹಾರ ಎಂದರೆ ಕಣ್ಣಿಗೆ ಕಾಣುವ ಮಾಂಸ ಇಲ್ಲದ್ದು ಎಂದಷ್ಟೇ ಅರ್ಥವಾಗುವ ಅಪಾಯ ಇದೆ. ಬಿಂದೆತ್ತೊಕ್‌ನಲ್ಲಿ ಹಂದಿಮಾಂಸ ಇಲ್ಲದಿದ್ದರೂ ಕಿಮ್ಚಿ ಇರುತ್ತದೆ, ಕಿಮ್ಚಿಗೆ ಉಪ್ಪುಹಾಕಿದ ಸೀಗಡಿಯೋ ಮೀನಿನ ರಸವೋ ಬಿದ್ದಿರುತ್ತದೆ. ಅದೇ ಕಾವಲಿಯಲ್ಲಿ ಪಕ್ಕದಲ್ಲೇ ಮಾಂಸದ ಉಂಡೆಯೂ ಬೇಯುತ್ತಿರುತ್ತದೆ. ಅಷ್ಟನ್ನು ಸಹಿಸದವರು ಗಂಜಿ ಅಂಗಡಿಯ ಕಡೆ ತಿರುಗಿ: ಕುಂಬಳದ ಹಳದಿ ಗಂಜಿ, ಕೆಂಪು ಕಾಳಿನ ಗಂಜಿ, ಎರಡೂ ಅಗಲ ಬಾಯಿಯ ಪಾತ್ರೆಯಲ್ಲಿ ಕುದಿಯುತ್ತಿರುತ್ತವೆ, ಎರಡೂ ಸೊಗಸು. ಹೊರಬಾಗಿಲ ಬಳಿ ಹೊತ್ತೊಕ್ ಸಿಗುತ್ತದೆ. ಕಣಕದೊಳಗೆ ಸಕ್ಕರೆಯ ಹೂರಣ ತುಂಬಿ ಒತ್ತಿ ಕಾಯಿಸಿದ ಬಿಲ್ಲೆ. ಬಿಸಿಯಲ್ಲೇ ಕಚ್ಚಿದರೆ ಕರಗಿದ ಪಾಕ ತುಟಿ ಸುಡುತ್ತದೆ, ಹುಷಾರು.

ಮಾರುಕಟ್ಟೆಯನ್ನು ಹೊಗಳುವ ಭರದಲ್ಲಿ ಅದರ ಹುಳುಕನ್ನು ಮರೆಸಬಾರದು. 2023ರ ನವೆಂಬರಿನಲ್ಲಿ ಯೂಟ್ಯೂಬ್ ವಿಡಿಯೊ ಒಂದು ಗ್ವಾಂಗ್‌ಜಾಂಗ್‌ನ ಮಾನ ಹರಾಜು ಹಾಕಿತು. 15,000 ವಾನ್ ಕೊಟ್ಟು ಕೊಂಡ ಬಗೆಬಗೆಯ ಕರಿದ ತಿಂಡಿಯ ತಟ್ಟೆಯಲ್ಲಿ ಎಣಿಸಿದಷ್ಟೇ ತುಂಡು. ನಮ್ಮ ಲೆಕ್ಕದಲ್ಲಿ ಒಂಬೈನೂರು ರೂಪಾಯಿ ಹತ್ತಿರ. ದೇಶವೆಲ್ಲ ಬೈದಿತು. ನಗರಾಡಳಿತವೂ ವ್ಯಾಪಾರಿಗಳ ಸಂಘವೂ ಕೂತು, ತಿಂಡಿಯ ತೂಕ ಅಥವಾ ಎಣಿಕೆಯನ್ನು ಬೆಲೆಯ ಜತೆ ಬರೆದು ಹಾಕಬೇಕು ಎಂದು ಗೊತ್ತುಮಾಡಿದರು, ವೇಷ ಮರೆಸಿ ಬರುವ ಗಿರಾಕಿಗಳಿಂದ ತಪಾಸಣೆ ಮಾಡಿಸುವುದಾಗಿಯೂ ಹೇಳಿದರು. ಪ್ರವಾಸಿಗರ ನೂಕುನುಗ್ಗಲಿನಲ್ಲಿ ಕಸುಬು ಕೆಡುವುದು ಹೀಗೇ. ನಾಳೆ ಮತ್ತೆ ಬಾರದ ಗಿರಾಕಿಯ ಮುಖ ನೋಡಿ ಕೆಲಸ ಮಾಡುವವನಿಗೆ ನಾಚಿಕೆ ಕಡಿಮೆ. ದಿನವೂ ಬರುವ ಪಕ್ಕದ ಬೀದಿಯವರು ಇರುವಷ್ಟು ದಿನ ಮಾತ್ರ ಮಾರುಕಟ್ಟೆ ಪ್ರಾಮಾಣಿಕವಾಗಿರುತ್ತದೆ ಎಂಬುದು ನನ್ನ ನಂಬಿಕೆ. ಹಾಗೆ ಬರುವವರಿಗೆ ಅಂಗಡಿಯಾಕೆ ‘ಇಮೊ’, ಅಂದರೆ ಚಿಕ್ಕಮ್ಮ. ಅವರು ಹಾಗೆ ಕರೆಯುತ್ತಾರೆ, ಆಕೆ ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾಳೆ. ಕೊಸರಿಲ್ಲದ ವ್ಯಾಪಾರವನ್ನು ಕೊರಿಯದ ಹಳಬರು ವ್ಯಾಪಾರ ಎಂದೇ ಒಪ್ಪುವುದಿಲ್ಲ. ಇದರಲ್ಲಿ ಅವರೂ ನಮ್ಮ ಗಾಂಧಿಬಜಾರಿನ ಗಿರಾಕಿಗಳೂ ಒಂದೇ ಪಕ್ಷ.

ತಿಂದು ಮುಗಿಸಿದ ಬಹುಪಾಲು ಜನ ಹಾಗೇ ಹೊರಟುಬಿಡುತ್ತಾರೆ. ಮೆಟ್ಟಿಲು ಹತ್ತುವುದಿಲ್ಲ. ಗ್ವಾಂಗ್‌ಜಾಂಗ್‌ನ ಮೂಲ ದಂಧೆ ತಿಂಡಿಯಲ್ಲ, ಬಟ್ಟೆ. ಮೇಲಿನ ಅಂತಸ್ತಿನಲ್ಲಿ ರೇಷ್ಮೆ, ಹತ್ತಿ, ಹಾಸಿಗೆ ಹೊದಿಕೆ, ಮದುವೆ ಜವಳಿ. ಬಣ್ಣಬಣ್ಣದ ಥಾನುಗಳನ್ನು ನೆಲದಿಂದ ಸೂರಿನವರೆಗೆ ಪೇರಿಸಿಕೊಂಡು, ನಡುವೆ ಒಬ್ಬರೇ ಕೂರುವಷ್ಟು ಜಾಗ ಬಿಟ್ಟುಕೊಂಡು ಕೂತಿರುತ್ತಾರೆ. ಕೆಳಗಿನ ಗದ್ದಲ ಇಲ್ಲಿಗೆ ಹತ್ತುವುದಿಲ್ಲ. ಕೊರಿಯದ ಸಾಂಪ್ರದಾಯಿಕ ಉಡುಪು ಹಾನ್‌ಬೊಕ್ ಹೊಲಿಸಲು ಬಂದ ತಾಯಿ ಮಗಳು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಬೆರಳಲ್ಲಿ ಹಿಂಡಿ ಬಿಡುತ್ತಾರೆ, ಸುಕ್ಕು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕಾಯುತ್ತಾರೆ. ಹಾನ್‌ಬೊಕ್‌ನ ಗಿಡ್ಡ ಮೇಲಂಗಿ ‘ಜೊಗೊರಿ’ಯ ಬಹುತೇಕ ತುಂಡುಗಳು ನೇರ ಗೆರೆಯವು, ಜಾಣ್ಮೆ ಎಲ್ಲ ತೋಳಿನ ಕೆಳಗಂಚಿನ ಬಾಗಿನಲ್ಲಿದೆ. ಆ ಬಾಗು ಹೆಚ್ಚಾದರೆ ನಾಟಕದ ಉಡುಪು, ಕಡಿಮೆಯಾದರೆ ಕಚೇರಿಯ ಸಮವಸ್ತ್ರ. ಕೊರಳಪಟ್ಟಿಯ ಮೇಲೆ ‘ತೊಂಗ್‌ಜೊಂಗ್’ ಎಂಬ ಇನ್ನೊಂದು ಗಟ್ಟಿ ಬಿಳಿ ಪಟ್ಟಿ ಕೂರಿಸುತ್ತಾರೆ. ಕೊಳೆಯಾದರೆ ಅದನ್ನಷ್ಟೇ ಬಿಚ್ಚಿ ಹೊಸದನ್ನು ಹೊಲಿಯಬಹುದು, ರೇಷ್ಮೆಯನ್ನು ಪದೇಪದೇ ಒಗೆಯುವ ಗೋಜಿಲ್ಲ. ಬೇಸಿಗೆಗೆ ‘ಮೊಸಿ’ ಎಂಬ ನಾರಿನ ಬಟ್ಟೆ. ಹಾನ್‌ಸಾನ್ ಎಂಬ ಊರಿನಲ್ಲಿ ಹೆಂಗಸರು ಗಿಡದ ತೊಗಟೆಯ ನಾರನ್ನು ಹಲ್ಲಿನಿಂದ ಸೀಳಿ, ತೊಡೆಯ ಮೇಲೆ ಹೊಸೆದು ನೇಯುವ ಆ ಬಟ್ಟೆಯ ಕಸುಬನ್ನು 2011ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ, ಬೆಲೆ ಮಾತ್ರ ಕೈ ಸುಡುತ್ತದೆ. ಅಷ್ಟು ದುಡ್ಡಿಲ್ಲದ ಎಳೆಯರು ಪಕ್ಕದ ಮೆಟ್ಟಿಲು ಹಿಡಿದು ಹಳೆ ಬಟ್ಟೆಗಳ ಅಂಗಡಿಸಾಲಿಗೆ ಹೋಗುತ್ತಾರೆ. ಹೊರದೇಶಗಳ ಹಳೆ ಜಾಕೆಟ್ಟು, ಜೀನ್ಸುಗಳ ಗುಡ್ಡೆ ಅಲ್ಲಿ. ಅದು ಇನ್ನೊಂದೇ ಲೋಕ, ಅದರ ರುಚಿ ನನಗೆ ಹತ್ತಿಲ್ಲ.

ಗ್ವಾಂಗ್‌ಜಾಂಗ್‌ನ ಜನಜಂಗುಳಿ ಬೇಡ ಎನ್ನುವವರಿಗೆ ಹಳೆಯ ಸಂತೆಗಳು ಇನ್ನೂ ಉಳಿದಿವೆ. ಸೋಲ್‌ನ ದಕ್ಷಿಣಕ್ಕೆ ಸೊಂಗ್ನಾಮ್ ನಗರದ ಮೊರಾನ್ ಸಂತೆ ತಾರೀಖಿನ ಕೊನೆಗೆ 4 ಅಥವಾ 9 ಬರುವ ದಿನ ಸೇರುತ್ತದೆ. ವಾರದ ಲೆಕ್ಕವಲ್ಲ, ತಾರೀಖಿನ ಲೆಕ್ಕ. ಅದರ ಪಕ್ಕ ಎಣ್ಣೆ ತೆಗೆಯುವ ಅಂಗಡಿಗಳದ್ದೇ ಒಂದು ಬೀದಿ ಇದೆ. ಎಳ್ಳನ್ನು ತೊಳೆದು, ತಿರುಗುವ ಹಂಡೆಯಲ್ಲಿ ಹುರಿದು, ಬಿಸಿಯಿರುವಾಗಲೇ ಯಂತ್ರಕ್ಕೆ ಒತ್ತಿ ಎಣ್ಣೆ ಇಳಿಸುವುದನ್ನು ನಿಂತು ನೋಡಬಹುದು. ಇಂಥ ಅಂಗಡಿಗಳಲ್ಲಿ ಎಣ್ಣೆಯನ್ನು ತುಂಬಿಕೊಡುವುದು ಸೋಜು ಮದ್ಯದ ಹಸಿರು ಬಾಟಲಿಗಳಲ್ಲಿ. ಸೂಪರ್‌ಮಾರ್ಕೆಟ್ಟಿನ ಚೆಂದದ ಲೇಬಲ್ಲಿನ ಶೀಶೆಗಿಂತ ಈ ಲೇಬಲ್ಲಿಲ್ಲದ ಬಾಟಲಿಯನ್ನು ಕೊರಿಯದ ಗೃಹಿಣಿ ಹೆಚ್ಚು ನಂಬುತ್ತಾಳೆ, ತನ್ನೆದುರಿಗೇ ಇಳಿದ ಎಣ್ಣೆ ಎಂಬ ಕಾರಣಕ್ಕೆ.

ಸರ್ಕಾರವೂ ಇವುಗಳ ಬೆನ್ನಿಗೆ ನಿಂತಿದೆ. ಸಾಂಪ್ರದಾಯಿಕ ಮಾರುಕಟ್ಟೆಗಳಲ್ಲಿ ನಡೆಯುವ ‘ಒನ್ನುರಿ’ ಎಂಬ ಖರೀದಿ ಚೀಟಿಗಳನ್ನು 2009ರಿಂದ ಹೊರಡಿಸುತ್ತಿದೆ. 2012ರಿಂದ ದೊಡ್ಡ ಮಾರ್ಟ್‌ಗಳು ತಿಂಗಳಿಗೆ ಎರಡು ದಿನ ಬಾಗಿಲು ಹಾಕಬೇಕು ಎಂಬ ಕಾನೂನು ಬಂತು. ಓಣಿಗಳ ಮೇಲೆ ಗಾಜಿನ ಕಮಾನು ಸೂರುಗಳೂ ಬಂದಿವೆ. ಇಷ್ಟಾದರೂ ಎಷ್ಟೋ ಊರುಗಳಲ್ಲಿ ಹಳೆ ಮಾರುಕಟ್ಟೆಗಳು ಸೊರಗುತ್ತಿವೆ. ಮಕ್ಕಳು ಕಾವಲಿಯ ಮುಂದೆ ನಿಲ್ಲಲು ಒಪ್ಪದಿದ್ದರೆ ಯಾವ ಚೀಟಿಯಿಂದಲೂ ಕೆಲಸವಾಗುವುದಿಲ್ಲ.

ಓದಿಗೋ ಕೆಲಸಕ್ಕೋ ಸೋಲ್‌ಗೆ ಹೋಗುವವರು ಇಷ್ಟು ಗಮನದಲ್ಲಿಡಿ. ಮೆಟ್ರೊದ ಒಂದನೇ ಮಾರ್ಗದಲ್ಲಿ ಜೊಂಗ್ನೊ 5-ಗಾ ನಿಲ್ದಾಣದಲ್ಲಿ ಇಳಿದರೆ ಮಾರುಕಟ್ಟೆ ಹೆಜ್ಜೆಯ ದೂರ. ವಾರದ ನಡುವೆ, ಬೆಳಗ್ಗೆ, ಜನ ಸೇರುವ ಮುನ್ನ ಹೋಗಿ. ಕೂರುವ ಮೊದಲು ಬೆಲೆಯ ಫಲಕ ಓದಿ, ಅಕ್ಕಿ ಕಿಮ್ಚಿ ಮಾಂಸ ಯಾವ ದೇಶದ್ದು ಎಂದೂ ಅಲ್ಲಿ ಬರೆದಿರುತ್ತದೆ, ಕಾನೂನು ಹಾಗಿದೆ. ಒಂದೇ ಬಿಂದೆತ್ತೊಕ್ ಹೇಳಿ, ಅದು ಇಬ್ಬರಿಗೆ ಸಾಕು. ಪೇರಿಸಿಟ್ಟದ್ದು ಬೇಡ, ಈಗ ಹಾಕಿದ್ದು ಕೊಡಿ ಎಂದು ಕೈಸನ್ನೆಯಲ್ಲಾದರೂ ತಿಳಿಸಿ. ಸ್ವಲ್ಪ ಚಿಲ್ಲರೆ ನೋಟು ಜೇಬಿನಲ್ಲಿರಲಿ. ಮೇಲಿನ ಬಟ್ಟೆ ಅಂಗಡಿಗಳು ಸಂಜೆ ಆರಕ್ಕೆಲ್ಲ ಮುಚ್ಚುತ್ತವೆ, ಭಾನುವಾರ ರಜೆ. ತಿಂಡಿಯ ಓಣಿ ರಾತ್ರಿ ಹನ್ನೊಂದರ ತನಕ ಇರುತ್ತದೆ, ಆದ್ದರಿಂದ ಮೊದಲು ಮೆಟ್ಟಿಲು ಹತ್ತಿ ಬಟ್ಟೆ ನೋಡಿ, ಆಮೇಲೆ ಇಳಿದುಬಂದು ಊಟಕ್ಕೆ ಕೂರಿ.